ಸೋತ ಲೇಸರ್, ಬೆಳೆದ ಕೂದಲು

ಇವತ್ತು ಬೆಳಕು ಹಾಯಿಸಿ ಗಾಯ ಮಾಯಿಸುವ ಚಿಕಿತ್ಸೆಯ ಕಥೆ. ಕೆಂಪು ದೀಪದ ಜಾಹೀರಾತು ನಿಮ್ಮ ಫೋನಿಗೂ ಬಂದಿರುತ್ತೆ, ಅದರ ಮೂಲ ಇಲ್ಲಿದೆ.

ಬೆಳಕನ್ನು ಔಷಧ ಮಾಡಿದ ಕೀರ್ತಿ ಕೋಪನ್‌ಹೇಗನ್ನಿನ ನೀಲ್ಸ್ ಫಿನ್ಸೆನ್ ಅವರದು. ಚರ್ಮದ ಕ್ಷಯಕ್ಕೆ ಕಾರ್ಬನ್ ಆರ್ಕ್ ದೀಪದ ಬೆಳಕು ಬಳಸಿ 1903ರಲ್ಲಿ ನೊಬೆಲ್ ಪಡೆದರು. ಆದರೆ ಅದು ತೀಕ್ಷ್ಣವಾದ ಬೆಳಕು. ನಾನು ಹೇಳಹೊರಟಿರೋದು ಮೈಗೆ ಬಿಸಿಯೂ ತಾಗದಷ್ಟು ಮೆಲುವಾದ ಬೆಳಕಿನ ವಿಷಯ.

ಅದನ್ನು ಕಂಡುಕೊಂಡವರು ಫಿನ್ಸೆನ್ ನೊಬೆಲ್ ಪಡೆದ ವರ್ಷವೇ ಹುಟ್ಟಿದ ಎಂಡ್ರೆ ಮೆಸ್ಟರ್, ಬುಡಾಪೆಸ್ಟಿನ ಶಸ್ತ್ರವೈದ್ಯರು. 1960ರಲ್ಲಿ ಥಿಯೋಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ್ದರು. ಬಾಸ್ಟನ್ನಿನಲ್ಲಿ ಪಾಲ್ ಮೆಕ್‌ಗಫ್ ಅಂಥದ್ದೇ ರೂಬಿ ಲೇಸರಿನಿಂದ ಪ್ರಾಣಿಗಳ ಗಡ್ಡೆ ಸುಟ್ಟರು. ಮೆಸ್ಟರ್ ಅದನ್ನೇ ಇಲಿಗಳ ಮೇಲೆ ಮಾಡಿ ನೋಡಿದರು. ಅವರ ಯಂತ್ರಕ್ಕೆ ಅಷ್ಟು ಶಕ್ತಿ ಇರಲಿಲ್ಲ, ಗಡ್ಡೆ ಕರಗಲಿಲ್ಲ. ಆದರೆ ಬೋಳಿಸಿದ ಬೆನ್ನಿನ ಮೇಲೆ ಬೆಳಕು ಬಿದ್ದ ಕಡೆ ಕೂದಲು ಬೇಗ ಬಂತು! ಲೇಸರಿನಿಂದ ಕ್ಯಾನ್ಸರ್ ಬರುತ್ತಾ ಅಂತ ನೋಡೋಕೆ ಹೊರಟಿದ್ದರು ಅನ್ನೋ ಇನ್ನೊಂದು ಕಥೆಯೂ ಇದೆ. ಎರಡರಲ್ಲೂ ಕೂದಲು ಮಾತ್ರ ಬೆಳೆಯುತ್ತೆ. ಇದು 1967ರ ಮಾತು.

ಕೆಟ್ಟ ಫಲಿತಾಂಶ ಅಂತ ಇನ್ನೊಬ್ಬರು ಬಿಟ್ಟುಬಿಡುತ್ತಿದ್ದರೇನೋ. ಮೆಸ್ಟರ್ ಬಿಡಲಿಲ್ಲ. ಗಾಯಗಳ ಮೇಲೆ ಹಾಯಿಸಿದರು, 1970ರ ದಶಕದಲ್ಲಿ ಎಷ್ಟು ದಿನವಾದರೂ ಮಾಯದ ಹುಣ್ಣಿದ್ದ ರೋಗಿಗಳಿಗೂ ಕೊಟ್ಟರು. ಗಮನಿಸಬೇಕಾದ್ದು ಏನಂದ್ರೆ, ಬೆಳಕು ಹೆಚ್ಚಾದಷ್ಟೂ ಗುಣ ಹೆಚ್ಚಲ್ಲ. ಒಂದು ಮಿತಿ ದಾಟಿದರೆ ಅದೇ ಬೆಳಕು ಗಾಯ ಮಾಯುವುದನ್ನು ತಡೆಯಬಹುದು. ಸಾರಿಗೆ ಉಪ್ಪು ಹಾಕಿದ ಹಾಗೆ.

ಯಾಕೆ ಹೀಗೆ? ರಷ್ಯಾದಲ್ಲಿ ಕೆಲಸ ಮಾಡಿದ ಟೀನಾ ಕಾರು ಒಂದು ಉತ್ತರ ಕೊಟ್ಟರು: ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಕೆಂಪು ಬೆಳಕನ್ನು ಹೀರಿಕೊಳ್ಳುತ್ತೆ, ಕೋಶಕ್ಕೆ ಶಕ್ತಿ ಹೆಚ್ಚುತ್ತೆ ಅಂತ. ಈ ವಿವರಣೆ ಬಗ್ಗೆ ಇನ್ನೂ ಚರ್ಚೆ ನಡೀತಾನೇ ಇದೆ. 1990ರ ದಶಕದಲ್ಲಿ ನಾಸಾ ಬಾಹ್ಯಾಕಾಶದಲ್ಲಿ ಗಿಡ ಬೆಳೆಸೋಕೆ ಮಾಡಿಸಿದ ಎಲ್‌ಇಡಿಗಳನ್ನು ಅಮೆರಿಕದ ವೈದ್ಯ ಹ್ಯಾರಿ ವೀಲನ್ ಗಾಯಗಳ ಮೇಲೆ ಪರೀಕ್ಷಿಸಿದರು. ಆಮೇಲೆ ಲೇಸರೇ ಬೇಕು ಅನ್ನೋ ಹಠ ಸಡಿಲವಾಯ್ತು.

ಹಾಗಾದ್ರೆ ಕೆಲಸ ಮಾಡುತ್ತಾ? ತಮಾಷೆ ನೋಡಿ, ಗಟ್ಟಿ ಪುರಾವೆ ಸಿಕ್ಕಿದ್ದು ಚರ್ಮದಲ್ಲಲ್ಲ, ಬಾಯಲ್ಲಿ. ಕೆಲವು ಬಗೆಯ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬರುವ ಬಾಯಿಹುಣ್ಣು ತಡೆಯೋಕೆ ಇದನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಶಿಫಾರಸು ಮಾಡುತ್ತೆ, ಡೋಸ್ ಸಮೇತ. ಚರ್ಮದ ಕಥೆ ಬೇರೆ. ಹಾಸಿಗೆ ಹಿಡಿದವರ ಹುಣ್ಣುಗಳ ಬಗ್ಗೆ 2014ರಲ್ಲಿ ಕಾಕ್ರೇನ್ ಸಂಸ್ಥೆ 7 ಪ್ರಯೋಗ, 403 ರೋಗಿಗಳ ಮಾಹಿತಿ ಒಟ್ಟು ಮಾಡಿ ನೋಡಿ, ಖಚಿತವಾಗಿ ಏನೂ ಹೇಳಲಾಗದು ಅಂದಿತು. ಸಣ್ಣ ಪ್ರಯೋಗಗಳು, ಒಂದೊಂದು ಒಂದೊಂದು ಥರ.

ಇದನ್ನೆಲ್ಲ ಓದೋಕೆ ಕಾರಣ ಪುಣೆಯ ನಮ್ಮ ಸೋದರಮಾವ. ಸಕ್ಕರೆ ಕಾಯಿಲೆ, ಪಾದದಲ್ಲಿ ಹುಣ್ಣು, ಸ್ಪರ್ಶಜ್ಞಾನ ಕಡಿಮೆ. ಡಾಕ್ಟರ ಹತ್ತಿರ ಹೋಗೋ ಮೊದಲು ಆನ್‌ಲೈನಲ್ಲಿ ಕೆಂಪು ದೀಪ ತರಿಸಿದ್ದರು. "ಮಾವ, ಮೊದಲು ಕಾಲಿಗೆ ರಕ್ತ ಸರಿಯಾಗಿ ಹರೀತಿದೆಯಾ ತೋರಿಸ್ಕೊಂಡು ಬನ್ನಿ" ಅಂದೆ. ಹೋದರು, ಈಗ ವಾರಕ್ಕೆರಡು ಸಲ ಡ್ರೆಸ್ಸಿಂಗ್ ನಡೀತಿದೆ. ಆ ದೀಪದ ಡಬ್ಬ ನೋಡಿದೆ. 660 ನ್ಯಾನೋಮೀಟರ್ ಅಂತ ದಪ್ಪಕ್ಷರದಲ್ಲಿತ್ತು. ಎಷ್ಟು ದೂರದಿಂದ, ಎಷ್ಟು ಹೊತ್ತು, ಚದರ ಸೆಂಟಿಮೀಟರಿಗೆ ಎಷ್ಟು ಜೂಲ್ ಅನ್ನೋದು ಎಲ್ಲೂ ಇರಲಿಲ್ಲ.