ಕುಳಗೇರಿ ಕ್ರಾಸಿನಿಂದ ಇಳಕಲ್ಲಿಗೆ: ಒಂದು ರೊಟ್ಟಿಯ ದಾರಿ

ಜಪಾನಿನಲ್ಲಿ ಗೆಳೆಯರೊಂದಿಗೆ ಕಾರು ಬಾಡಿಗೆಗೆ ಹಿಡಿದು, ಬರೀ ಊಟಕ್ಕಾಗಿಯೇ ಊರೂರು ಸುತ್ತಿ ಬಂದ ಗೆಳೆಯನೊಬ್ಬ ಆ ಕಥೆಯನ್ನು ಬಾಯಿ ಚಪ್ಪರಿಸುತ್ತ ಹೇಳುತ್ತಿದ್ದ. ಅಲ್ಲಿ ರಸ್ತೆ ಬದಿಗೆ ‘ಮಿಚಿ ನೋ ಎಕಿ’, ಅಂದರೆ ರಸ್ತೆ ನಿಲ್ದಾಣಗಳಿವೆ. 1993ರಿಂದ ಸರಕಾರವೇ ನೋಂದಾಯಿಸುತ್ತ ಬಂದ ತಾಣಗಳು. ಆಯಾ ಊರಿನ ರೈತ ಬೆಳೆದದ್ದು, ಆಯಾ ಊರಿನವರು ಬೇಯಿಸಿದ್ದು ಅಲ್ಲಿ ಸಿಗುತ್ತದೆ. “ನಮ್ಮಲ್ಲಿ ಅಂಥಾದ್ದೇನೈತಿ?” ಎಂದ. “ಯಾಕ, ಕುಳಗೇರಿ ಕ್ರಾಸ್ ಐತಲ್ಲೋ” ಎಂದೆ. ನಾಲ್ವರು ಹೊರಟೇಬಿಟ್ಟೆವು.

ಹುಬ್ಬಳ್ಳಿಯಿಂದ ವಿಜಯಪುರದ ಹೆದ್ದಾರಿಯಲ್ಲಿ, ಕೊಣ್ಣೂರಿನ ಬಳಿ ಮಲಪ್ರಭೆಯನ್ನು ದಾಟಿ ಬಂದರೆ ಬಾದಾಮಿಗೆ ಹೊರಳುವ ಕೂಡುದಾರಿಯೇ ಕುಳಗೇರಿ ಕ್ರಾಸ್. ಅಲ್ಲೊಂದು ಖಾನಾವಳಿಯ ಮುಂದೆ ಕಾರು ನಿಲ್ಲಿಸಿದಾಗ ಗೆಳೆಯ ‘ಶುದ್ಧ ಶಾಖಾಹಾರಿ’ ಎಂಬ ಬೋರ್ಡನ್ನೂ ನನ್ನ ಮುಖವನ್ನೂ ನೋಡಿ ಕೇಳಿದ: “ನಿನಗ ಇಲ್ಲಿ ನಡೀತೈತೇನೋ?”

ಮೂವತ್ತು ವರ್ಷಗಳ ಗೆಳೆತನದಲ್ಲಿ ಅವನು ಎಂದೂ ಕೇಳದ ಪ್ರಶ್ನೆ. ಕೇಳಿದ್ದರಲ್ಲಿ ಕೆಡುಕಿರಲಿಲ್ಲ. ಆದರೆ ‘ನಿಮ್ಮ ಊಟ, ನಮ್ಮ ಊಟ’ ಎಂಬ ಗೆರೆ ಎಲ್ಲಿಂದಲೋ ಬಂದು ಅವನೊಳಗೂ ಕೂತಿತ್ತು. ನಾನು ಉತ್ತರಿಸದೆ ಒಳಗೆ ನಡೆದೆ.

ತಟ್ಟೆ ಬಂತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆಂಪು ಖಾರ, ಮೊಸರು. ನನ್ನ ತಾಯಿ ಬಡಿಸುತ್ತಿದ್ದದ್ದೂ ಇದನ್ನೇ. ಇದಕ್ಕಿಂತ ‘ನಮ್ಮದು’ ಯಾವುದಿದೆ? ಆದರೆ ಒಂದೊಂದನ್ನೇ ಕೇಳುತ್ತ ಹೋಗಿ. ಜೋಳದ ತವರು ಆಫ್ರಿಕ. ಸಾವಿರಾರು ವರ್ಷಗಳ ಹಿಂದೆ ಸುಡಾನಿನ ಕಡೆಯ ಜನ ಅದನ್ನು ಮೊದಲು ಬೆಳೆದರು. ಮೆಣಸಿನಕಾಯಿ ಮತ್ತು ಶೇಂಗಾ ಅಮೆರಿಕ ಖಂಡದವು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಹಡಗುಗಳಿಂದಾಗಿ ಮೆಣಸಿನಕಾಯಿ ನಮ್ಮ ನೆಲ ಕಂಡಿತು. 543ರಲ್ಲಿ ಬಾದಾಮಿಯ ಕೋಟೆ ಕಟ್ಟಿಸಿದ ಪುಲಕೇಶಿ ಕೆಂಪು ಖಾರದ ರುಚಿಯನ್ನೇ ಕಂಡವನಲ್ಲ. ಅವನ ಅಡುಗೆಮನೆಯ ಖಾರವೆಂದರೆ ಕರಿಮೆಣಸು, ಶುಂಠಿ. ಬದನೆಕಾಯಿ ಮಾತ್ರ ನಮ್ಮ ಕಡೆಯದು. ಅದನ್ನು ಅರಬರು ಸ್ಪೇನಿನವರೆಗೂ ಒಯ್ದರು.

“ಜಪಾನಿನ್ಯಾಗ ನೀ ಚಪ್ಪರಿಸಿದ ತೆಂಪುರಾನೂ ಅಷ್ಟ” ಎಂದೆ. ಪೋರ್ಚುಗೀಸರು ಜಪಾನು ಮುಟ್ಟಿದ್ದು 1543ರಲ್ಲಿ. ಹಿಟ್ಟಿನಲ್ಲಿ ಅದ್ದಿ ಕರಿಯುವ ಆ ಬಗೆ ಅವರಿಂದಲೇ ಬಂದದ್ದು. ನಮ್ಮ ಖಾರ, ಅವರ ತೆಂಪುರಾ, ಎರಡೂ ಒಂದೇ ಶತಮಾನದ, ಒಂದೇ ಹಡಗಿನವರ ಕೊಡುಗೆ.

ಇನ್ನು ‘ಶುದ್ಧ’ದ ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದ ಅಧ್ಯಾಯವಿದೆ. ಇಡ್ಲಿಯ ಪೂರ್ವಜನೂ ಅಲ್ಲಿದ್ದಾನೆ, ಬಗೆಬಗೆಯ ಮಾಂಸದ ಅಡುಗೆಗಳೂ ಇವೆ. ಒಂದೇ ಪುಸ್ತಕ, ಒಂದೇ ಅರಮನೆ.

ಬಾದಾಮಿ ದಾಟಿ ಬನಶಂಕರಿಗೆ ಬಂದೆವು. ತಲೆಯ ಮೇಲೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಗುಡಿಯ ಸುತ್ತ ರೊಟ್ಟಿ, ಪಲ್ಯ, ಮೊಸರು ಮಾರುತ್ತಾರೆ. ಇದೇ ನಮ್ಮ ‘ಮಿಚಿ ನೋ ಎಕಿ’. ಇದನ್ನು ಯಾವ ಸರಕಾರವೂ ಕಟ್ಟಿದ್ದಲ್ಲ. “ಇನ್ನೊಂದ್ ಹಾಕ್ಲೇನ್ ಯಪ್ಪಾ?” ಎಂದ ಮುದುಕಿ ನಮ್ಮ ಹೆಸರನ್ನೂ ಕೇಳಲಿಲ್ಲ, ಮತವನ್ನೂ ಕೇಳಲಿಲ್ಲ. ಈ ದೇವಿಗೆ ಶಾಕಾಂಬರಿ ಎಂಬ ಹೆಸರೂ ಉಂಟು. ಬರಗಾಲದಲ್ಲಿ ಕಾಯಿಪಲ್ಯ ಕೊಟ್ಟು ಜನರನ್ನು ಉಳಿಸಿದವಳು ಎನ್ನುತ್ತದೆ ಪುರಾಣ. ಬರವೆಂಬುದು ಇಲ್ಲಿ ಪುರಾಣದ ಸಂಗತಿ ಮಾತ್ರವಲ್ಲ. ಆಗಿನ ಕಲಾದಗಿ ಜಿಲ್ಲೆಯಲ್ಲಿ 1872ರಲ್ಲಿ 8 ಲಕ್ಷ ಮೀರಿದ್ದ ಜನಸಂಖ್ಯೆ, 1876-78ರ ಬರದ ನಂತರ, 1881ರ ಗಣತಿಗೆ ಆರೂವರೆ ಲಕ್ಷದೊಳಕ್ಕೆ ಇಳಿದಿತ್ತು. ಹಸಿವು ಸತ್ತವರ ಜಾತಿ ಕೇಳಿರಲಾರದು.

ಐಹೊಳೆಯ ದಾರಿ ಹಿಡಿದೆವು. ಗುಡಿಗಳಿಗಾಗಿ ಹೆಸರಾದ ಈ ಊರು ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘದ ತವರು ಕೂಡ. ಸಂಬಾರ ಪದಾರ್ಥಗಳ, ಕುದುರೆಗಳ ವ್ಯಾಪಾರ ಮಾಡುತ್ತಿದ್ದ ಇವರ ಹೆಸರು ಹೊತ್ತ 1088ರ ತಮಿಳು ಶಾಸನವೊಂದು ಸುಮಾತ್ರ ದ್ವೀಪದ ಬಾರುಸಿನಲ್ಲಿ ಸಿಕ್ಕಿದೆ. ರುಚಿಗಳು ಹೋದದ್ದೂ ಬಂದದ್ದೂ ಇಂಥವರ ಬೆನ್ನ ಮೇಲೆಯೇ.

ಅಮೀನಗಡದಲ್ಲಿ ಕರದಂಟು ಕೊಂಡೆವು. ಕರಿದ ಅಂಟು, ಬೆಲ್ಲ, ಒಣಹಣ್ಣು. ಬಾಣಂತಿಯ ನಡುವಿಗೆ ಬಲ ಕೊಡಲೆಂದು ನೆರೆಮನೆಯವರು ‘ಅಂಟಿನುಂಡಿ’ ಕಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ಅದೇ ‘ಗೋಂದ್ ಕೆ ಲಡ್ಡು’. ಹೆಸರು ಎರಡು, ಹೆರಿಗೆಯ ನೋವು ಒಂದೇ.

ಹುನಗುಂದ ದಾಟಿ ಇಳಕಲ್ಲು ತಲುಪುವ ಹೊತ್ತಿಗೆ ಸಂಜೆಯಾಗಿತ್ತು. ಮುರ್ತುಜಾ ಖಾದ್ರಿಯವರ ದರ್ಗಾ, ವಿಜಯ ಮಹಾಂತೇಶ ಮಠ, ಎರಡೂ ಇರುವ ನೇಕಾರರ ಊರು. ಇಲ್ಲಿನ ಮಹಾಂತ ಸ್ವಾಮೀಜಿಯವರು 1975ರಲ್ಲಿ ‘ಮಹಾಂತ ಜೋಳಿಗೆ’ ಹಿಡಿದು ಹೊರಟರು. ಜೋಳಿಗೆ ಒಡ್ಡಿ ಬೇಡಿದ್ದು ರೊಟ್ಟಿಯನ್ನಲ್ಲ, ಜನರ ದುಶ್ಚಟಗಳನ್ನು. ಮನುಷ್ಯನನ್ನು ಹಾಳು ಮಾಡುವುದು ಯಾವುದೋ ಅದನ್ನು ನನ್ನ ಜೋಳಿಗೆಗೆ ಹಾಕಿ ಎಂಬ ಆ ಬೇಡಿಕೆಯನ್ನು ನೆನೆದಾಗ, ಇಂದು ಆ ಜೋಳಿಗೆ ನಮ್ಮ ಮುಂದೆ ಬಂದರೆ ಏನು ಹಾಕಬೇಕಾದೀತು ಎಂದು ಯೋಚಿಸಿದೆ.

ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆವು. ಬನಶಂಕರಿಯ ಮುದುಕಿ ಕಟ್ಟಿಕೊಟ್ಟ ಖಡಕ್ ರೊಟ್ಟಿಯೊಂದು ಉಳಿದಿತ್ತು. ಗೆಳೆಯ ಅದನ್ನು ಮುರಿದು ಅರ್ಧವನ್ನು ನನ್ನ ಕೈಗಿಟ್ಟ. ಈ ಸಲ ಏನೂ ಕೇಳಲಿಲ್ಲ.