ಗ್ರಂಥಪಾಲಕರ ಚಾಟ್: ಬದಲಾಗುತ್ತ ಬಂದ ತಂತ್ರಾಂಶಗಳು

ಓದುಗರ ಪ್ರಶ್ನೆಗೆ ಗ್ರಂಥಪಾಲಕರು ಚಾಟ್ ಮೂಲಕ ಕೂಡಲೇ ಉತ್ತರಿಸುವ ಪದ್ಧತಿ ಅಮೆರಿಕದ ಗ್ರಂಥಾಲಯಗಳಲ್ಲಿ ಬೇರೂರಿದ್ದು 1990ರ ದಶಕದ ಕೊನೆಯಲ್ಲಿ. ಮುಂದಿನ ಎರಡು ದಶಕಗಳಲ್ಲಿ ಒಂದೇ ಗ್ರಂಥಾಲಯದ ಸಿಬ್ಬಂದಿ ಹಲವು ತಂತ್ರಾಂಶಗಳನ್ನು ಕಲಿತು, ಮರೆತು, ಮತ್ತೆ ಕಲಿಯಬೇಕಾಯಿತು. ಈ ಬದಲಾವಣೆಗಳಲ್ಲಿ ಗ್ರಂಥಪಾಲಕರು ತಾವಾಗಿ ಬಯಸಿದ್ದು ಕಡಿಮೆ. ಹೆಚ್ಚಿನ ಸಲ ಕಂಪನಿ ಕೈ ಬದಲಾಯಿಸಿತು, ಇಲ್ಲವೇ ಸೇವೆಯೇ ನಿಂತಿತು.

ಪರಾಮರ್ಶನ ಸೇವೆ ಮಾತ್ರ ಇದಕ್ಕಿಂತ ಬಹಳ ಹಳೆಯದು. ಗ್ರಂಥಪಾಲಕರು ಓದುಗರೊಂದಿಗೆ ಬೆರೆತು ಅವರ ಪ್ರಶ್ನೆಗಳಿಗೆ ನೆರವಾಗಬೇಕೆಂದು ಮ್ಯಾಸಚೂಸೆಟ್ಸ್‌ನ ವೂಸ್ಟರ್ ಗ್ರಂಥಾಲಯದ ಸ್ಯಾಮುಯೆಲ್ ಗ್ರೀನ್ 1876ರಲ್ಲೇ ವಾದಿಸಿದ್ದರು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದ ಎಸ್. ಆರ್. ರಂಗನಾಥನ್ ಈ ಸೇವೆಯಲ್ಲಿ ಎರಡು ಬಗೆ ಗುರುತಿಸಿದ್ದರು: ಥಟ್ಟನೆ ಮುಗಿಯುವುದು ಒಂದು, ದೀರ್ಘ ಹುಡುಕಾಟ ಬೇಡುವುದು ಇನ್ನೊಂದು. ಚಾಟ್ ಮೊದಲನೆಯದಕ್ಕೆ ಹೇಳಿ ಮಾಡಿಸಿದಂತಿತ್ತು. ತೊಂದರೆಯೆಂದರೆ, ಬರುವ ಪ್ರಶ್ನೆ ಯಾವ ಬಗೆಯದೆಂದು ಮೊದಲ ಸಾಲಿನಲ್ಲೇ ಗೊತ್ತಾಗುತ್ತಿರಲಿಲ್ಲ.

ಮೊದಲ ಪ್ರಯೋಗಗಳು ಕೈಗೆ ಸಿಕ್ಕ ಸಾಧನಗಳಲ್ಲಿ ನಡೆದವು. 1980ರ ದಶಕದ ಮಧ್ಯದಲ್ಲಿ ಕೆಲವು ವೈದ್ಯಕೀಯ ಗ್ರಂಥಾಲಯಗಳು ಇಮೇಲ್‌ನಲ್ಲಿ ಪ್ರಶ್ನೆ ಸ್ವೀಕರಿಸತೊಡಗಿದ್ದವು. 1995ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಇಂಟರ್ನೆಟ್ ಪಬ್ಲಿಕ್ ಲೈಬ್ರರಿ, ಆಟಕ್ಕೂ ಹರಟೆಗೂ ಬಳಕೆಯಲ್ಲಿದ್ದ ‘ಮೂ’ ಎಂಬ ಪಠ್ಯಲೋಕದೊಳಗೆ ಓದುಗರನ್ನು ಕರೆದು ಮಾತಾಡಿಸಿ ನೋಡಿತು. ದಶಕ ಮುಗಿಯುವ ಹೊತ್ತಿಗೆ ಕೆಲವು ಕಾಲೇಜುಗಳು ವಿದ್ಯಾರ್ಥಿಗಳು ಬಳಸುತ್ತಿದ್ದ ಎಒಎಲ್ ಮೆಸೆಂಜರ್‌ಗೇ ಇಳಿದವು.

2000ದ ಸುಮಾರಿಗೆ ಕಾಲ್ ಸೆಂಟರ್ ತಂತ್ರಾಂಶಗಳು ಬಂದವು. ಎಲ್‌ಎಸ್‌ಎಸ್‌ಐ ಕಂಪನಿ ‘ಈಗೇನ್’ ಎಂಬ ಗ್ರಾಹಕಸೇವಾ ತಂತ್ರಾಂಶವನ್ನು ಗ್ರಂಥಾಲಯಕ್ಕೆ ಒಗ್ಗಿಸಿ ಮಾರಿತು. ಸರದಿ ಸಾಲು, ಸಿದ್ಧ ಉತ್ತರಗಳ ಪಟ್ಟಿ, ಮಾತುಕತೆಯ ಪೂರ್ತಿ ದಾಖಲೆ ಎಲ್ಲವೂ ಅದರಲ್ಲಿದ್ದವು. ಎಲ್ಲಕ್ಕಿಂತ ಹೆಚ್ಚು ಆಸೆ ಹುಟ್ಟಿಸಿದ್ದು ಕೋ-ಬ್ರೌಸಿಂಗ್: ಗ್ರಂಥಪಾಲಕರು ತೆರೆದ ಪುಟ ಓದುಗರ ಪರದೆಯಲ್ಲೂ ತೆರೆಯಬೇಕು. ಅದೇ ಹೆಚ್ಚು ಕೈಕೊಟ್ಟದ್ದೂ ಹೌದು. ಪಾಪ್-ಅಪ್ ತಡೆಗಳು, ಫೈರ್‌ವಾಲ್‌ಗಳು ಅಡ್ಡ ಬರುತ್ತಿದ್ದವು. ಚಂದಾ ಕಟ್ಟಿದವರಿಗಷ್ಟೇ ತೆರೆಯುವ ದತ್ತಸಂಚಯಗಳು, ಅಂದರೆ ತೋರಿಸಲೇಬೇಕಾದ ಪುಟಗಳೇ, ಅದರಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಗಿರಾಕಿಯ ದೂರನ್ನು ಬೇಗ ಮುಗಿಸಲು ಕಟ್ಟಿದ ಸಾಧನ ಅದು. ಪ್ರಶ್ನೆಯ ಹಿಂದಿನ ಪ್ರಶ್ನೆಯನ್ನು ಕೆದಕಿ ತೆಗೆಯುವ ಪರಾಮರ್ಶನ ಸಂದರ್ಶನಕ್ಕೆ ಅದು ಪೂರ್ತಿ ಒಗ್ಗಲೇ ಇಲ್ಲ.

ತರಬೇತಿಯಲ್ಲಿ ಗುಂಡಿಗಳ ಪರಿಚಯಕ್ಕಿಂತ ಬರೆಯುವ ಅಭ್ಯಾಸವೇ ಕಷ್ಟದ ಪಾಠವಾಯಿತು. ಮೇಜಿನಾಚೆ ಕೂತವರಿಗೆ ಗ್ರಂಥಪಾಲಕರು ಪುಸ್ತಕ ತಿರುವುವುದು ಕಾಣುತ್ತದೆ. ಚಾಟ್‌ನಲ್ಲಿ ಎರಡು ನಿಮಿಷ ಸುಮ್ಮನಾದರೆ ಎದ್ದು ಹೋದಂತೆಯೇ. ಹೀಗಾಗಿ ಉತ್ತರವನ್ನು ತುಂಡು ತುಂಡಾಗಿ ಕಳಿಸುವುದು, ‘ಇನ್ನೂ ಹುಡುಕುತ್ತಿದ್ದೇನೆ’ ಎಂದು ನಡುನಡುವೆ ತಿಳಿಸುವುದು ರೂಢಿಗೆ ಬಂತು. ವಾಷಿಂಗ್ಟನ್ ರಾಜ್ಯದ ತರಬೇತಿಯಲ್ಲಿ ಒಂದು ಜಾಣ ಅಭ್ಯಾಸವಿತ್ತು: ಕಲಿಯುವವರು ಗುರುತು ಹೇಳದೆ ಓದುಗರಂತೆ ಬೇರೆ ಗ್ರಂಥಾಲಯಗಳ ಚಾಟ್‌ಗೆ ಹೋಗಿ ಪ್ರಶ್ನೆ ಕೇಳಿ ಬರಬೇಕು. ಕಾಯುವುದು ಹೇಗಿರುತ್ತದೆಂದು ಕೈಪಿಡಿಗಿಂತ ಚೆನ್ನಾಗಿ ಅದು ಕಲಿಸಿತು.

ಇದೇ ಕಾಲದಲ್ಲಿ ಸಹಕಾರಿ ಜಾಲಗಳು ಬೆಳೆದವು. ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಗ್ರಂಥಾಲಯಗಳ ಸಹಕಾರಿ ಸಂಸ್ಥೆ ಒಸಿಎಲ್‌ಸಿ ಸೇರಿ 2002ರಲ್ಲಿ ‘ಕ್ವೆಶ್ಚನ್‌ಪಾಯಿಂಟ್’ ಆರಂಭಿಸಿದವು. 2004ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ‘24/7 ರೆಫರೆನ್ಸ್’ ಅದರಲ್ಲಿ ಬೆರೆಯಿತು. ಸದಸ್ಯ ಗ್ರಂಥಾಲಯಗಳು ಪಾಳಿ ಹಂಚಿಕೊಂಡು ಹಗಲಿರುಳು ಸೇವೆ ನಡೆಸಿದವು. ಕಾಣದ ಊರಿನ ಓದುಗರಿಗೆ ಉತ್ತರಿಸುವಾಗ ಅಲ್ಲಿನ ಸಮಯ, ಕಾರ್ಡಿನ ನಿಯಮ, ದಂಡದ ಲೆಕ್ಕ ಎಲ್ಲವನ್ನೂ ಆ ಗ್ರಂಥಾಲಯದ ನೀತಿಪುಟ ನೋಡಿಯೇ ಹೇಳಬೇಕಿತ್ತು.

ಭಾರೀ ತಂತ್ರಾಂಶಗಳಿಂದ ಬೇಸತ್ತವರಿಗೆ 2006ರಲ್ಲಿ ‘ಮೀಬೋ’ದ ಪುಟ್ಟ ಚಾಟ್ ಪೆಟ್ಟಿಗೆ ಸಿಕ್ಕಿತು. ಉಚಿತ, ಯಾವ ಪುಟದಲ್ಲಾದರೂ ಅಂಟಿಸಬಹುದು. ಕ್ಯಾಟಲಾಗಿನಲ್ಲಿ ಹುಡುಕಿ ಏನೂ ಸಿಗದಿದ್ದಾಗ ಬರುವ ಪುಟದಲ್ಲಿ ಕೆಲವರು ಅದನ್ನಿಟ್ಟರು. ಈ ಕ್ಷೇತ್ರದ ಒಳ್ಳೆಯ ಉಪಾಯಗಳಲ್ಲಿ ಅದೊಂದು. ಆದರೆ ಹಲವರು ಒಟ್ಟಿಗೆ ಕೂತು ಸರದಿ ನೋಡಿಕೊಳ್ಳಲು ಮೀಬೋ ಅನುಕೂಲವಾಗಿರಲಿಲ್ಲ. ನಾರ್ತ್ ಕ್ಯಾರೊಲಿನಾದ ವಿಶ್ವವಿದ್ಯಾಲಯಗಳ ರಾತ್ರಿ ಪಾಳಿಯ ಅಗತ್ಯದಿಂದ ಹುಟ್ಟಿದ ‘ಲೈಬ್ರರಿಹೆಲ್ಪ್’ ಆ ಕೊರತೆ ತುಂಬಿತು: ಪ್ರಶ್ನೆ ಎಲ್ಲರ ಪರದೆಗೂ ಬರುತ್ತದೆ, ಮೊದಲು ಎತ್ತಿಕೊಂಡವರದು. 2012ರ ಜೂನ್‌ನಲ್ಲಿ ಗೂಗಲ್ ಮೀಬೋವನ್ನು ಕೊಂಡು ಜುಲೈ 11ಕ್ಕೆ ಈ ಸೇವೆ ನಿಲ್ಲಿಸಿತು. ಬೇಸಿಗೆ ರಜೆಯಿದ್ದದ್ದು ಕಾಲೇಜುಗಳ ಪುಣ್ಯ.

2019ರಲ್ಲಿ ಒಸಿಎಲ್‌ಸಿ ಕ್ವೆಶ್ಚನ್‌ಪಾಯಿಂಟ್‌ನ 24/7 ಜಾಲವನ್ನು ಸ್ಪ್ರಿಂಗ್‌ಶೇರ್ ಕಂಪನಿಗೆ ಬಿಟ್ಟುಕೊಟ್ಟಿತು. ನೀತಿಪುಟ, ಸಿದ್ಧ ಉತ್ತರ, ಪಾಳಿಪಟ್ಟಿಗಳನ್ನು ಹೊಸ ವ್ಯವಸ್ಥೆಗೆ ಒಯ್ಯುವುದು ಆಯಾ ಗ್ರಂಥಾಲಯದ ತಲೆಗೇ ಬಿತ್ತು. ಹಳೆಯ ಮಾತುಕತೆಗಳ ದಾಖಲೆಗಳದ್ದು ಬೇರೆಯೇ ಚಿಂತೆ: ಮುಂದಿನವರ ತರಬೇತಿಗೆ ಅವು ಬೇಕು, ಓದುಗರ ಗುಟ್ಟು ಕಾಯಲು ಹೆಸರು ಅಳಿಸಲೇಬೇಕು.

ಮರುವರ್ಷವೇ ಕೋವಿಡ್‌ನಿಂದಾಗಿ ಕಟ್ಟಡಗಳಿಗೆ ಬೀಗ ಬಿದ್ದು, ಅನೇಕ ಕಡೆ ಚಾಟ್ ಪೆಟ್ಟಿಗೆಯೇ ಮುಖ್ಯ ಪರಾಮರ್ಶನ ಮೇಜಾಯಿತು. ಅದುವರೆಗೆ ಪುಸ್ತಕ ಕೊಟ್ಟು ಪಡೆಯುವ ಕೌಂಟರಿನಲ್ಲಿದ್ದವರನ್ನೂ ಹಲವೆಡೆ ಪಾಳಿಗೆ ಹಾಕಲಾಯಿತು. ಅವರು ಮನೆಯಲ್ಲೇ ಕೂತು, ಹಿಂದಿನವರು ಇಪ್ಪತ್ತು ವರ್ಷಗಳಲ್ಲಿ ರೂಢಿಸಿಕೊಂಡದ್ದನ್ನು ಕೆಲವೇ ದಿನಗಳಲ್ಲಿ ಕಲಿಯಬೇಕಾಯಿತು.