ಅಣಕು ವಿಮಾನದ ಅವಸರ

ಮಸ್ಕಿಯ ಸಮೀಪದ ಸಂತೆಕಲ್ಲೂರಿಗೆ, ಅಕ್ಕನ ಮನೆಗೆಂದು ಹೋದ ನಾನು ಅಲ್ಲಿ ವಿಮಾನ ನಡೆಸಬೇಕಾದೀತೆಂದು ಎಣಿಸಿರಲಿಲ್ಲ. ಪಡಸಾಲೆಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಮುಂದೆ ಸೋದರಳಿಯ ನನ್ನನ್ನು ಕೂಡಿಸಿದ. ತೆರೆಯ ಮೇಲಿನ ವಿಮಾನ ಸುಖವಾಗಿಯೇ ಮೇಲೆದ್ದಿತು. ನಗರವೊಂದರ ಮೇಲೆ ಬಂದೊಡನೆ ಮಾತ್ರ ಕುಂಟೆತ್ತಿನಂತೆ ತಡೆತಡೆದು ಸಾಗತೊಡಗಿತು. ಎಡಕ್ಕೆ ಹೊರಳಿಸಿದರೆ ಒಂದು ಗಳಿಗೆ ಯೋಚಿಸಿ ಆಮೇಲೆ ಹೊರಳುವುದು. ತಾಳ್ಮೆಗೆಟ್ಟು ಇನ್ನಷ್ಟು ಎಳೆದೆ; ನೆಲಕ್ಕೆ ಬಿದ್ದೆ.

"ತಪ್ಪು ನಿಮ್ದಲ್ರಿ ಮಾಮಾ, ಗ್ರಾಫಿಕ್ಸ್ ಕಾರ್ಡ್ ಹಳೇದಾಗ್ಯದ. ಸುಗ್ಗಿ ರೊಕ್ಕ ಬಂದ ಮ್ಯಾಲ ಹೊಸಾದು ಕೊಡಸಂತ ಅಪ್ಪಗ ನೀವೊಂದು ಮಾತು ಹೇಳ್ರಿ" ಎಂದ ಹುಡುಗ.

ಸುಗ್ಗಿಯ ದುಡ್ಡೆಂದರೆ ಆ ಮನೆಯ ವರುಷದ ದುಡ್ಡು. ಮಾತು ಕೊಡುವ ಮುನ್ನ ಈ ಆಟದ ಪೂರ್ವೋತ್ತರವನ್ನು ನೆನೆದುಕೊಂಡೆ.

ಅಣಕು ವಿಮಾನ ಹುಟ್ಟಿದ್ದು ತಿದಿಯಿಂದ. ಅಮೆರಿಕದಲ್ಲಿ ಆರ್ಗನ್ ವಾದ್ಯ ತಯಾರಕನ ಮಗನಾದ ಎಡ್ವಿನ್ ಲಿಂಕ್ ಎಂಬಾತ 1929ರ ಸುಮಾರಿಗೆ ಆ ವಾದ್ಯದ ಗಾಳಿತಿದಿಗಳನ್ನೇ ಬಳಸಿ, ಓಲಾಡುವ ಪುಟ್ಟ ಪೆಟ್ಟಿಗೆಯೊಂದನ್ನು ಕಟ್ಟಿದ. ಮೊದಲಿಗೆ ಜನ ಅದನ್ನು ಜಾತ್ರೆಯ ಆಟಿಕೆಯೆಂದೇ ಕಂಡರು. 1934ರಲ್ಲಿ ಅಂಚೆ ಸಾಗಿಸಹೋದ ಸೇನೆಯ ವೈಮಾನಿಕರು ಮಂಜು ಮಳೆಗಳಲ್ಲಿ ಸಾಲಾಗಿ ಸತ್ತ ಮೇಲೆ ಸೇನೆ ಅಂಥ ಆರು ಪೆಟ್ಟಿಗೆಗಳನ್ನು ಕೊಂಡಿತು.

ಮುಂದೆ 1944ರಲ್ಲಿ ಅಲ್ಲಿನ ನೌಕಾಪಡೆಗೆ, ಯಾವ ವಿಮಾನದಂತೆ ಬೇಕಾದರೂ ನಡೆದುಕೊಳ್ಳುವ ಯಂತ್ರವೊಂದು ಬೇಕಾಯಿತು. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜೇ ಫಾರೆಸ್ಟರ್ ಆ ಕೆಲಸಕ್ಕೆ ಕೈಹಾಕಿದ. ವೈಮಾನಿಕ ಹಿಡಿಕೆಯನ್ನೆಳೆದ ಕ್ಷಣವೇ ಉತ್ತರ ಬರಬೇಕು. ನಾಳೆ ಬರುವ ಸರಿಯುತ್ತರದಿಂದ ಪ್ರಯೋಜನವಿಲ್ಲ. ಈ ಅವಸರವೇ ‘ವರ್ಲ್‌ವಿಂಡ್’ ಎಂಬ ಕಂಪ್ಯೂಟರಿಗೆ ಕಾರಣವಾಯಿತು. 1953ರಲ್ಲಿ ಅದಕ್ಕೆ ಕಾಂತದ ಪುಟ್ಟ ಉಂಗುರಗಳ ನೆನಪಿನಕೋಶ ಕೂಡಿಸಿದಾಗ ವೇಗ ಸುಮಾರು ಇಮ್ಮಡಿಯಾಯಿತು. ತಮಾಷೆಯೆಂದರೆ, ಅಷ್ಟರಲ್ಲಿ ಅಣಕು ವಿಮಾನದ ಯೋಜನೆಯೇ ಕೈಬಿಟ್ಟುಹೋಗಿತ್ತು!

ಈ ಅವಸರ ನಮ್ಮ ನಾಡಿಗೂ ಹೊಸದಲ್ಲ. ಮುಂದೆ ‘ತೇಜಸ್’ ಎಂದು ಹೆಸರಾದ ಯುದ್ಧವಿಮಾನ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರುವುದಕ್ಕೆ ಮುಂಚೆ, ಅಲ್ಲಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯ ಸಿಮ್ಯುಲೇಟರಿನಲ್ಲಿ ಅದರ ಹಾರಾಟ ಮತ್ತೆ ಮತ್ತೆ ನಡೆದಿತ್ತು. ಇಂಥ ಯಂತ್ರಗಳಲ್ಲಿ ಕೈಗೂ ಚಿತ್ರಕ್ಕೂ ನಡುವೆ ಸೆಕೆಂಡಿನ ಏಳನೆಯ ಒಂದು ಪಾಲಿಗಿಂತ ಹೆಚ್ಚು ತಡವಾದರೆ ನುರಿತವನೂ ಅತಿಯಾಗಿ ಎಳೆದು ತಪ್ಪುತ್ತಾನೆ. ನಾನು ಬಿದ್ದುದರಲ್ಲಿ ಆಶ್ಚರ್ಯವೇನು?

ಮನೆಯ ಕಂಪ್ಯೂಟರಿಗೆ ಈ ಆಟವನ್ನು ತಂದವರಲ್ಲಿ ಮೊದಲಿಗ ಬ್ರೂಸ್ ಆರ್ಟ್‌ವಿಕ್. 1980ರ ಹೊತ್ತಿಗೆ ಅವನಿಗೆ ಸಿಕ್ಕ ‘ಆಪಲ್ 2’ ಯಂತ್ರದ ಚಿಪ್ಪಿಗೆ ಗುಣಾಕಾರದ ಆಜ್ಞೆಯೇ ಇರಲಿಲ್ಲ. ಅವನು ಭೂಮಿಯನ್ನು ಬರಿಯ ಗೆರೆಗಳಲ್ಲಿ ಬರೆದ. ಬಿಡಬಹುದಾದದ್ದನ್ನೆಲ್ಲ ಬಿಟ್ಟದ್ದರಿಂದಲೇ ಅವನ ವಿಮಾನ ಹಾರಿತು. 1982ರಲ್ಲಿ ಅದೇ ಆಟ ಮೈಕ್ರೋಸಾಫ್ಟ್ ಹೆಸರಿನಲ್ಲಿ ಐಬಿಎಂ ಯಂತ್ರಕ್ಕೂ ಬಂತು.

ನನ್ನ ಸೋದರಳಿಯ ಆಡುತ್ತಿದ್ದುದು ಅದರ 2006ರ ಅವತರಣಿಕೆ. ಚಿಪ್ಪುಗಳ ಓಟ ವರುಷ ವರುಷಕ್ಕೂ ಏರುವುದೆಂದು ನಂಬಿ ಅದನ್ನು ಬರೆದಿದ್ದರು. ಕಾಲ ಬೇರೆ ದಾರಿ ಹಿಡಿಯಿತು: ಓಟ ಏರುವ ಬದಲು ಒಂದೇ ಚಿಪ್ಪಿನೊಳಗೆ ಎರಡು, ನಾಲ್ಕು ಕೋರ್‌ಗಳು ಬಂದವು. ಒಂದು ಸಾಲನ್ನು ನಾಲ್ಕು ಜೋಡಿ ಎತ್ತು ಒಟ್ಟಿಗೆ ಉಳಲಾರವಷ್ಟೆ? 2007ರ ತಿದ್ದುಪಡಿ ಕೆಲಸವನ್ನು ಕೊಂಚ ಹಂಚಿತಾದರೂ ಮುಖ್ಯ ಹೊರೆ ಒಂದೇ ಹೆಗಲಿನ ಮೇಲುಳಿಯಿತು.

ಅದಕ್ಕಾಗಿ ಒಂದು ಪರೀಕ್ಷೆ ಮಾಡಿದೆವು. ಚಿತ್ರದ ರೆಸಲ್ಯೂಷನ್ ಅರ್ಧಕ್ಕಿಳಿಸಿದೆವು. ಕಾರ್ಡ್ ದಣಿದಿದ್ದರೆ ಓಟ ಏರಬೇಕಿತ್ತು, ಕೂದಲೆಳೆಯಷ್ಟೂ ಏರಲಿಲ್ಲ. ಅದನ್ನು ಮೊದಲಿನಂತೆ ಮಾಡಿ, ನೆಲದ ಮೇಲಿನ ಮನೆ ಮರಗಳನ್ನೂ ದಾರಿಯ ವಾಹನಗಳನ್ನೂ ತಗ್ಗಿಸಿದೆವು. ವಿಮಾನ ಎಣ್ಣೆ ಹೊಯ್ದಂತೆ ಸಾಗಿತು. ದಣಿದದ್ದು ಲೆಕ್ಕ ಮಾಡುವ ಚಿಪ್ಪು. ಹೊಸ ಕಾರ್ಡ್ ತಂದಿದ್ದರೂ ಕುಂಟು ಉಳಿಯುತ್ತಿತ್ತು, ರೊಕ್ಕ ಮಾತ್ರ ಹೋಗುತ್ತಿತ್ತು.

"ಊರು ಬೋಳಾತಲ್ರಿ ಮಾಮಾ" ಎಂದು ಹುಡುಗ ಮುಖ ಸಣ್ಣಗೆ ಮಾಡಿದ. ನಾನು ಆರ್ಟ್‌ವಿಕ್ಕನ ಗೆರೆಗಳ ಭೂಮಿಯ ಕಥೆ ಹೇಳಿದೆ. ಅವನಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಆದರೆ ಭಾವನವರ ಬಳಿ ಹೇಳಬೇಕಾಗಿದ್ದ ಆ ಒಂದು ಮಾತು ನನಗೆ ಉಳಿಯಿತು. ಅಂದು ಸಂಜೆ, ಮನೆಗಳಿಲ್ಲದ ಆ ನಗರದ ನಿಲ್ದಾಣದಲ್ಲಿ, ನಾನು ಬೀಳದೆ ಇಳಿದೆ.